ಎರಡು ಡಬ್ಬದ ಡಿಜೆ

ಶಿವಮೊಗ್ಗದ ಗೋಪಾಳ ಬಡಾವಣೆಯ ಮೂರನೇ ತಿರುವಿನ ಯೋಗರಾಜನಿಗೆ ನಲವತ್ತೇಳನೇ ವಯಸ್ಸಿನಲ್ಲಿ ಡಿಜೆ ಆಗುವ ಯೋಗ ಕೂಡಿಬಂತು. ಅವನ ಜಾತಕ ಬರೆದವರು ಗೃಹಯೋಗ, ವಾಹನಯೋಗ, ಮಂಡಿನೋವು ಎಲ್ಲವನ್ನೂ ಬರೆದಿದ್ದರು, ಇದೊಂದನ್ನು ಬಿಟ್ಟಿದ್ದರು. ಬರೆದಿದ್ದರೆ ತಾನು ಮದುವೆಗೆ ಒಪ್ಪುತ್ತಲೇ ಇರಲಿಲ್ಲ ಎಂದು ಹೆಂಡತಿ ವಿಮಲಾ ಈಗಲೂ ಹೇಳುತ್ತಾಳೆ.

ಯೋಗರಾಜ ಸವಳಂಗ ರಸ್ತೆಯ ಒಂದು ಟೈಲ್ಸ್ ಅಂಗಡಿಯಲ್ಲಿ ಮ್ಯಾನೇಜರು. ಮ್ಯಾನೇಜರು ಎಂದರೆ ಮಾಲೀಕರು ಇಲ್ಲದಾಗ ಮಾಲೀಕರ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂರುವವನು ಎಂದಷ್ಟೇ ಅರ್ಥ. ಗಿರಾಕಿ ಬಚ್ಚಲುಮನೆಗೆ ಕೆಂಪು ಕಲ್ಲು ಕೇಳಿದರೆ "ಆಯ್ತು ಸಾರ್", ಮರುದಿನ ಅದೇ ಗಿರಾಕಿ ಬಂದು ಕೆಂಪು ಯಾಕೆ ಕೊಟ್ಟಿರಿ ಎಂದು ಬೈದರೆ ಅದಕ್ಕೂ "ಆಯ್ತು ಸಾರ್". ಹೀಗೆ ಆಯ್ತು ಆಯ್ತು ಎನ್ನುತ್ತಲೇ ಇಪ್ಪತ್ತು ವರ್ಷ ಆಗಿಹೋಗಿತ್ತು.

ಅವನ ಮಗಳು ಭೂಮಿಕಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಭಾನುವಾರ ಬೆಳಿಗ್ಗೆ ಅಂಗಡಿಯ ಹತ್ತಿರದ ಪಾರ್ಕಿನಲ್ಲಿ ಸುಘೋಷ ಎಂಬ ಹುಡುಗ ಕಲಿಸುತ್ತಿದ್ದ ಡ್ಯಾನ್ಸಿಗೆ ಅವಳೂ ಸೇರಿಕೊಂಡಿದ್ದಳು. ಸುಘೋಷ ವಾರದ ಆರು ದಿನ ಆಸ್ಪತ್ರೆಯೊಂದರಲ್ಲಿ ಜನರ ಸೊಂಟ, ಮಂಡಿ ಸರಿಮಾಡುವ ಫಿಸಿಯೋಥೆರಪಿಸ್ಟ್. ಏಳನೇ ದಿನ ಅವೇ ಸೊಂಟ, ಮಂಡಿಗಳನ್ನು ಕುಣಿಸುತ್ತಿದ್ದ. ಆ ಕುಣಿತದ ಹೆಸರು ಸ್ವಿಂಗ್. ತೊಂಬತ್ತು, ನೂರು ವರ್ಷದ ಹಿಂದೆ ಅಮೆರಿಕದ ಕಪ್ಪು ಜನ ಕಟ್ಟಿದ ಕುಣಿತ. ತುತ್ತೂರಿ, ಡ್ರಮ್ಮು, ಪಿಯಾನೋ ಎಲ್ಲ ಒಟ್ಟಿಗೆ ಜಗಳವಾಡುತ್ತಾ ಒಟ್ಟಿಗೇ ರಾಜಿಯಾಗುವಂಥ ಸಂಗೀತ. ಇಬ್ಬರು ಕೈ ಹಿಡಿದು, ಮಂಡಿಯನ್ನು ಸ್ವಲ್ಪ ಸಡಿಲ ಬಿಟ್ಟು ಹೆಜ್ಜೆ ಹಾಕಬೇಕು. ಹೆಣ್ಣು ಹೆಣ್ಣು, ಗಂಡು ಗಂಡು, ಮುದುಕರು ಹುಡುಗರು ಯಾರು ಯಾರ ಕೈ ಬೇಕಾದರೂ ಹಿಡಿಯಬಹುದು. ಕಲಿಯುವವರು ಒಟ್ಟು ಹನ್ನೊಂದು ಜನ. ಬೆಸವಾದ್ದರಿಂದ ಒಬ್ಬರು ಸದಾ ಬೇವಿನ ಮರದ ಜೊತೆ ಕುಣಿಯುತ್ತಿದ್ದರು.

ಮಗಳನ್ನು ಸ್ಕೂಟರಿನಲ್ಲಿ ಬಿಡಲು ಹೋದ ಯೋಗರಾಜ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂತಿದ್ದ. ಸುಘೋಷನ ಫೋನಿನಿಂದ ಹಾಡು ಬರುತ್ತಿತ್ತು. ಹಾಡು ಮುಗಿದದ್ದೇ ತಡ ಕೂದಲೆಣ್ಣೆಯ ಜಾಹೀರಾತು ಶುರುವಾಯಿತು, ಹನ್ನೊಂದು ಜನ ಅರ್ಧ ತಿರುಗಿದ ಭಂಗಿಯಲ್ಲೇ ನಿಂತರು. ಆಮೇಲೆ ಬಂದ ಹಾಡು ಎಷ್ಟು ಜೋರಾಗಿ ಓಡಿತೆಂದರೆ ಬ್ಯಾಂಕಿನ ಕ್ಯಾಷಿಯರ್ ಒಬ್ಬರು ಬೇವಿನ ಮರವನ್ನು ತಬ್ಬಿಕೊಂಡು ಏದುಸಿರು ಬಿಡತೊಡಗಿದರು.

ಯೋಗರಾಜ ತಡೆಯಲಾರದೆ ಎದ್ದು ನಿಂತ. "ತಮ್ಮಾ, ಅದನ್ನ ತೆಗೀರಿ ಮಾರಾಯ್ರೆ, ಜನ ಸತ್ತೋಗ್ತಾರೆ. ಮೊದ್ಲು ಒಂದು ಹಾಕಿದ್ರಲ್ಲ, ದುಂಯ್ ದುಂಯ್ ಅಂತ ನಡ್ಕೊಂಡು ಹೋಗ್ತಿತ್ತು, ಅದನ್ನ ಹಾಕಿ."

ಸುಘೋಷ ಹಾಕಿದ. ಹನ್ನೊಂದು ಜನರ ಮುಖಕ್ಕೂ ಜೀವ ಬಂತು. ಅವನು ಯೋಗರಾಜನನ್ನು ಮೇಲಿಂದ ಕೆಳಗೆ ನೋಡಿ, "ಅಂಕಲ್, ನಿಮಗೆ ಕಿವಿ ಇದೆ" ಎಂದ.

ಯೋಗರಾಜ ಕಿವಿ ಮುಟ್ಟಿ ನೋಡಿಕೊಂಡ.

"ಕುಣಿಯೋರನ್ನ ನೋಡಿ ಹಾಡು ಆರಿಸೋಕೆ ನಮಗೆ ಒಬ್ಬರು ಬೇಕಿತ್ತು. ನೀವೇ ನಮ್ಮ ಡಿಜೆ ಆಗ್ಬಿಡಿ ಅಂಕಲ್."

"ಆಯ್ತು ಸಾರ್" ಎಂದ ಯೋಗರಾಜ, ಅಭ್ಯಾಸಬಲದಿಂದ. ಮನೆ ಮುಟ್ಟುವ ಹೊತ್ತಿಗೆ ಡಿಜೆ ಎಂಬ ಎರಡು ಅಕ್ಷರ ಅವನ ತಲೆಯ ಬುರುಡೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದವು.

ಮುಂದಿನ ಇಪ್ಪತ್ತು ದಿನ ಯೋಗರಾಜ ಪಟ್ಟ ಪಾಡು ಐಎಎಸ್ ಓದುವವರೂ ಪಡಲಾರರು. ಕೈಗಡಿಯಾರ ನೋಡುತ್ತಾ, ತೊಡೆ ತಟ್ಟುತ್ತಾ, ನಿಮಿಷಕ್ಕೆ ಹಾಡಿನಲ್ಲಿ ಎಷ್ಟು ಪೆಟ್ಟು ಬೀಳುತ್ತದೆಂದು ಎಣಿಸಿದ. ನೂರಾಎಂಬತ್ತು ದಾಟಿದರೆ ನೋಟ್‌ಬುಕ್ಕಿನಲ್ಲಿ 'ಬಸ್ ಹಿಡಿಯೋದು' ಎಂದು ಬರೆದುಕೊಂಡ. ನೂರನಲವತ್ತಾದರೆ 'ವಾಕಿಂಗ್'. ನೂರಹತ್ತಾದರೆ 'ಊಟ ಆದ ಮೇಲೆ'. ಕ್ಯಾಷಿಯರಮ್ಮನಿಗೆ ಎರಡು 'ಬಸ್ ಹಿಡಿಯೋದು' ಸತತವಾಗಿ ಆಗುವುದಿಲ್ಲ, ಭೂಮಿಕಾಗೆ ಮೂರು 'ಊಟ ಆದ ಮೇಲೆ' ಬಂದರೆ ಆಕಳಿಕೆ ಬರುತ್ತದೆ ಎಂಬುದನ್ನೂ ಪತ್ತೆಮಾಡಿದ. ಐದು ಲೀಟರಿನ ಕುಕ್ಕರಿನಷ್ಟು ದೊಡ್ಡ ಎರಡು ಸ್ಪೀಕರು ತಂದ. ವೈರು ಬೇಡ, ಜೇಬಿನಲ್ಲಿ ಫೋನಿದ್ದರೆ ಸಾಕು, ಬ್ಯಾಟರಿಯಲ್ಲೇ ಹಾಡುತ್ತಿದ್ದವು. ಒಂದು ಹೆಡ್‌ಫೋನನ್ನೂ ತಂದು, ಚಿತ್ರದಲ್ಲಿ ನೋಡಿದ್ದಂತೆ ಒಂದೇ ಕಿವಿಗೆ ಓರೆಯಾಗಿ ಹಾಕಿಕೊಂಡ. ಅದರ ವೈರಿನ ತುದಿ ಎಲ್ಲಿಗೂ ಸಿಕ್ಕಿಸದೆ ಜೋತಾಡುತ್ತಿತ್ತು. ವಿದ್ಯೆ ಬರುವ ಮುನ್ನ ವೇಷ ಬರುವುದು ಎಲ್ಲ ಕಲೆಗಳಲ್ಲೂ ಉಂಟು.

ಇಷ್ಟಕ್ಕೇ ಸುಮ್ಮನಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಯೋಗರಾಜ ಕಪ್ಪು ಟೀ-ಶರ್ಟೊಂದರ ಬೆನ್ನ ಮೇಲೆ ಹಳದಿ ಅಕ್ಷರದಲ್ಲಿ 'ಡಿಜೆ ಯೋಗರಾಜ್' ಎಂದು ಅಚ್ಚು ಹಾಕಿಸಿ, ಅದನ್ನು ತೊಟ್ಟು ಬೆಳಿಗ್ಗೆ ಆರೂವರೆಗೆ ಹಾಲು ತರಲು ಹೋದ.

ಹಾಲಿನ ಬೂತಿನಲ್ಲಿ ಅವನ ಹಿಂದೆ ನಿಂತಿದ್ದವರು ಭೈರಪ್ಪನವರು. ಊರಿನ ಕಡೆ ತೋಟ, ಗೋಪಾಳದಲ್ಲಿ ಮೂರಂತಸ್ತಿನ ಮನೆ, ಬಡಾವಣೆಯ ಹಿತರಕ್ಷಣಾ ಸಂಘದ ಅಧ್ಯಕ್ಷಗಿರಿ, ಬಿಪಿ, ಇಷ್ಟು ಅವರ ಆಸ್ತಿ. ಹೋದ ವರ್ಷ ಒಂದು ಮೆರವಣಿಗೆಯಲ್ಲಿ ನಲವತ್ತು ಬಾಕ್ಸು ಹೇರಿದ ಡಿಜೆ ಲಾರಿ ಅವರ ಮನೆ ಮುಂದೆ ಅರ್ಧ ಗಂಟೆ ನಿಂತಿತ್ತು. ಷೋಕೇಸಿನ ಗಾಜು ಒಡೆದು, ಲೋಟದಲ್ಲಿ ನೆನೆಹಾಕಿದ್ದ ಅವರ ಹಲ್ಲಿನ ಸೆಟ್ಟು ತಾನಾಗಿಯೇ ಕಟಕಟ ಕುಣಿದಿತ್ತು. ಅಂದಿನಿಂದ ಡಿಜೆ ಎಂಬ ಶಬ್ದ ಕೇಳಿದರೆ ಸಾಕು ಅವರು ಮಾತ್ರೆಯ ಡಬ್ಬಿ ಹುಡುಕುತ್ತಿದ್ದರು.

"ಏನಯ್ಯಾ ಯೋಗರಾಜ, ಬೆನ್ನ ಮೇಲೆ ಏನದು?"

"ಡಿಜೆ ಸಾರ್. ಹೊಸ್ದಾಗಿ ಶುರು ಮಾಡಿದೀನಿ."

"ಬಾಕ್ಸು ಎಷ್ಟಿದೆ?"

"ಸದ್ಯಕ್ಕೆ ಎರಡು. ಜನ ಜಾಸ್ತಿ ಆದ್ರೆ ಮುಂದೆ ನೋಡೋಣ."

"ಎಲ್ಲಿಟ್ಟಿದೀಯ?"

"ಮಂಚದ ಕೆಳಗೆ ಸಾರ್."

ಡಿಜೆ ಬಾಕ್ಸು ಎಂದರೆ ಆಳೆತ್ತರ ಇರುತ್ತದೆಂದು ಕಣ್ಣಾರೆ ಕಂಡಿದ್ದ ಭೈರಪ್ಪನವರಿಗೆ ಮಂಚದ ಕೆಳಗೆ ಎಂದದ್ದು ಹಸಿ ಸುಳ್ಳೆಂದು ಖಾತ್ರಿಯಾಯಿತು. ಎಲ್ಲೋ ಬಚ್ಚಿಟ್ಟಿದ್ದಾನೆ! ಎಂಟು ಗಂಟೆಗೆ ಬಡಾವಣೆಯ ಬಾಯಲ್ಲಿ ಎರಡು ಬಾಕ್ಸು ಎರಡು ಲಾರಿಯಾಯಿತು, ಮಧ್ಯಾಹ್ನಕ್ಕೆ ಲಾರಿಗಳು ಆಗಲೇ ಬೆಂಗಳೂರು ಬಿಟ್ಟಿವೆಯೆಂದಾಯಿತು. ಸಂಜೆಗೆ ನಾಲ್ಕನೇ ತಿರುವಿನವರು ಗಬ್ಬದ ಹಸುವನ್ನು ನೆಂಟರ ಮನೆಗೆ ಸಾಗಿಸಿದರು. ಪಕ್ಕದ ಮನೆಯ ಮಹಾಂತಮ್ಮ ಪಿಂಗಾಣಿ ಬಟ್ಟಲುಗಳನ್ನೆಲ್ಲ ಇಳಿಸಿ ಹಳೇ ಸೀರೆಯಲ್ಲಿ ಸುತ್ತಿಟ್ಟು, ವಿಮಲಾಳ ಹತ್ತಿರ ಬಂದರು.

"ಅಲ್ಲಾ ಮಾರಾಯ್ತಿ, ಮನೇಲಿ ಡಿಜೆ ಇಟ್ಕೊಂಡು ಹೆಂಗೆ ನಿದ್ದೆ ಮಾಡ್ತೀಯೆ?"

"ಅದು ಗೊರಕೆ ಹೊಡೆಯಲ್ಲ ಮಹಾಂತಮ್ಮ. ಅದನ್ನ ತಂದೋರು ಹೊಡೀತಾರೆ" ಎಂದಳು ವಿಮಲಾ. ಹೀಗೆ ಹೇಳಿದಳೇ ಹೊರತು ಮರುದಿನ ಗಂಡನಿಗೆ ಮೂರು ಹೊತ್ತೂ ಉಪ್ಪಿಟ್ಟನ್ನೇ ಬಡಿಸಿದಳು.

ಈ ನಡುವೆ ಸುಘೋಷ ಮೊದಲ ಸಾರ್ವಜನಿಕ ಕುಣಿತಕ್ಕೆ ದಿನ ಗೊತ್ತುಮಾಡಿದ. ಭಾನುವಾರ ಸಂಜೆ ಐದಕ್ಕೆ ಪಾರ್ಕಿನ ನಡುವಿನ ಸಿಮೆಂಟು ಕಟ್ಟೆಯ ಮೇಲೆ. ಅದಕ್ಕೆ ಅನುಮತಿ ಬೇಕಿತ್ತು. ಡಿಜೆಯಾದವನೇ ಹೋಗುವುದು ಗೌರವವೆಂದು ಯೋಗರಾಜ ಅರ್ಜಿ ಬರೆದುಕೊಂಡು ಪಾರ್ಕುಗಳನ್ನು ನೋಡಿಕೊಳ್ಳುವ ಕಚೇರಿಗೆ ಹೋದ. ಅಲ್ಲಿನ ಅಧಿಕಾರಿ ಬಸವರಾಜೇಶ್ವರಿ ಮೇಡಂ ಅರ್ಜಿಯ ಮೊದಲ ಸಾಲಿಗೇ ಕನ್ನಡಕ ತೆಗೆದಿಟ್ಟರು.

"ಡಿಜೆ ಆಗಲ್ಲ ರೀ. ಆದೇಶ ಇದೆ."

"ಮೇಡಂ, ಇದು ಆ ಡಿಜೆ ಅಲ್ಲ."

"ಎಲ್ಲರೂ ಹಂಗೇ ಹೇಳೋದು. ಅದಿರಲಿ, ಇದೇನು ಸ್ವಿಂಗು?"

ಯೋಗರಾಜ ಎರಡೂ ಕೈ ಮುಂದೆ ಚಾಚಿ ಹಿಂದೆ ಮುಂದೆ ತೂಗಿ ತೋರಿಸಿದ. "ಹಿಂಗೆ ಮೇಡಂ. ಹಿಂದಕ್ಕೆ ಹೋಗ್ತಾರೆ, ಮುಂದಕ್ಕೆ ಬರ್ತಾರೆ."

"ಯಾರು?"

"ದೊಡ್ಡೋರು ಚಿಕ್ಕೋರು ಎಲ್ಲರೂ. ಇಬ್ಬಿಬ್ಬರು."

"ಇಬ್ಬಿಬ್ಬರು ಕೂತ್ರೆ ಸರಪಳಿ ಕಿತ್ತೋಗುತ್ತೆ."

"ಕೂರಲ್ಲ ಮೇಡಂ, ನಿಂತ್ಕೊಂಡೇ."

"ಅದು ಇನ್ನೂ ಅಪಾಯ! ಹೋದ ತಿಂಗಳು ಒಬ್ಬರು ಹಿಂಗೇ ಜೋಕಾಲಿ ಮೇಲೆ ನಿಂತ್ಕೊಂಡು ಬಿದ್ದು ಕೈ ಮುರ್ಕೊಂಡ್ರು." ಮೇಡಂ ದನಿ ಮೆತ್ತಗೆ ಮಾಡಿದರು. "ನಿಮ್ಮ ಕಾಳಜಿ ನನಗೆ ಅರ್ಥ ಆಗುತ್ತೆ. ಹೋಗಿ ಬನ್ನಿ. ಏನಾದ್ರೂ ಮಾಡೋಣ."

"ಆಯ್ತು ಮೇಡಂ" ಎಂದು ಯೋಗರಾಜ ಕುಣಿಯುತ್ತಾ ಹೊರಬಂದ. ಅನುಮತಿ ಸಿಕ್ಕಿತೆಂದು ಎಲ್ಲರಿಗೂ ಸುದ್ದಿ ಕೊಟ್ಟ. ಮೇಡಂ ಅರ್ಜಿಯ ಅಂಚಿನಲ್ಲಿ ಬರೆದದ್ದು ಅವನಿಗೆ ಗೊತ್ತಿರಲಿಲ್ಲ: 'ಡಿಜೆ ತಿರಸ್ಕರಿಸಿದೆ. ಸಾರ್ವಜನಿಕರ ಕೋರಿಕೆಯಂತೆ ಗಟ್ಟಿಮುಟ್ಟಾದ ಎರಡು ಜೋಕಾಲಿ ಅಳವಡಿಸುವುದು.'

ಆ ಪಾರ್ಕಿಗೆ ಒಂದು ದೀಪ ಹಾಕಿಸಿ ಎಂದು ಸುತ್ತಲಿನವರು ಹನ್ನೆರಡು ವರ್ಷದಿಂದ ಅರ್ಜಿ ಕೊಡುತ್ತಿದ್ದರು. ದೀಪ ಇಂದಿಗೂ ಬಂದಿಲ್ಲ. ಜೋಕಾಲಿ ಮಾತ್ರ ಎಂಟೇ ದಿನಕ್ಕೆ ಬಂತು! ಭಾನುವಾರ ಬೆಳಿಗ್ಗೆ ಯೋಗರಾಜ ಜಾಗ ನೋಡಲು ಹೋದರೆ ಸಿಮೆಂಟು ಕಟ್ಟೆಯ ನಟ್ಟನಡುವೆ ಕಬ್ಬಿಣದ ಕಂಬ ನೆಟ್ಟು, ಎರಡು ಹಳದಿ ಜೋಕಾಲಿ ತೂಗುಬಿಟ್ಟು, ಮೇಸ್ತ್ರಿ ಕೈ ತೊಳೆಯುತ್ತಿದ್ದ.

"ಅರ್ಜಿ ಕೊಟ್ಟೋರು ನೀವೇ ಅಲ್ವಾ ಸಾರ್? ಬನ್ನಿ, ಒಂದು ಫೋಟೋ. ಅರ್ಜಿದಾರರು ಕೂತಿರೋ ಫೋಟೋ ಹಾಕ್ಬೇಕು, ಇಲ್ದಿದ್ರೆ ಬಿಲ್ ಪಾಸಾಗಲ್ಲ."

ಯೋಗರಾಜನ ಎದೆಯೊಳಗೆ ಬೆಂಕಿ ಎದ್ದಿತ್ತು. ಬಾಯಿಗೆ ಬಂದದ್ದು "ಆಯ್ತು" ಎಂಬುದೇ. ಡಿಜೆ ಟೀ-ಶರ್ಟಿನಲ್ಲಿ ಜೋಕಾಲಿಯ ಮೇಲೆ ಕೂತ. ಮೇಸ್ತ್ರಿ ಹಿಂದಿನಿಂದ ಸಣ್ಣಗೆ ತಳ್ಳಿ, ನಗಿಸಿ, ಫೋಟೋ ತೆಗೆದ. ಹತ್ತು ಗಂಟೆಯೊಳಗೆ ಶಿವಮೊಗ್ಗದ ನಾಲ್ಕು ವಾಟ್ಸಾಪ್ ಗುಂಪುಗಳಲ್ಲಿ ಅದು ಹರಿದಾಡಿತು. 'ಡಿಜೆ ಯೋಗರಾಜ್ ಹೋರಾಟಕ್ಕೆ ಜಯ.'

ಹನ್ನೊಂದು ಜನ ಕಟ್ಟೆಯ ಸುತ್ತ ಸೂತಕದ ಮನೆಯವರ ಹಾಗೆ ನಿಂತಿದ್ದರು.

"ಬಿಡಿ ಅಂಕಲ್, ಕ್ಯಾನ್ಸಲ್ ಮಾಡೋಣ" ಎಂದ ಸುಘೋಷ.

"ಯಾಕೆ ಕ್ಯಾನ್ಸಲ್?" ಯೋಗರಾಜನ ದನಿ ಅವನಿಗೇ ಹೊಸದಾಗಿತ್ತು. "ಕುಣಿಯೋಕೆ ನೆಲ ಬೇಕು. ಶಿವಮೊಗ್ಗದಲ್ಲಿಲ್ಲ ಅಂದ್ರೆ ಭದ್ರಾವತೀಲಿದೆ." ಎಂದವನೇ ಮಾವನಿಗೆ ಫೋನು ಮಾಡಿದ.

ಮಾವ ಪುಟ್ಟಯ್ಯ ಭದ್ರಾವತಿಯಲ್ಲಿ ಮೂವತ್ತೈದು ವರ್ಷ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಮನಸ್ಸಿದ್ದಾಗ ಕೇಳುತ್ತಿತ್ತು. ಕ್ವಾರ್ಟರ್ಸಿನ ಸಾಲುಮನೆಗಳ ನಡುವೆ ಷಟಲ್ ಆಡಲೆಂದು ಹಿಂದೆ ಯಾರೋ ಹಾಕಿಸಿದ್ದ ಸಿಮೆಂಟಿನ ಅಂಗಳವಿತ್ತು.

"ಮಾವ, ಇವತ್ತು ಸಾಯಂಕಾಲ ಅಂಗಳ ಬೇಕಿತ್ತು. ನಾನು ಡಿಜೆ ತರ್ತೀನಿ."

"ಏನು, ಬಿಜೆ?"

"ಡಿಜೆ ಮಾವ, ಡಿಜೆ!"

"ಡಿಜೆನಾ! ತಗಂಬಾರಪ್ಪ. ಕಾರ್ಖಾನೆ ಸೈರನ್ ನಿಂತ್ಮೇಲೆ ಈ ಕಡೆ ಜೋರಾಗಿ ಒಂದು ಸದ್ದು ಅಂತ ಕೇಳಿಲ್ಲ. ಕಿವಿಗೂ ಬೇಜಾರಾಗಿದೆ."

ಅಳಿಯ ಡಿಜೆ ತರುತ್ತಿದ್ದಾನೆ ಎಂದು ಪುಟ್ಟಯ್ಯ ಒಂದೊಂದೇ ಮನೆಯ ಬಾಗಿಲಿಗೆ ಹೋಗಿ, ತಮ್ಮ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಸಾರಿದರು. ಹಾಗಾಗಿ ಮಧ್ಯಾಹ್ನ ಮೂರರ ಹೊತ್ತಿಗೆ ಅದು ಭದ್ರಾವತಿಯ ಅರ್ಧ ಜನಕ್ಕೆ ಮುಟ್ಟಿತು. ಅಲ್ಲೊಬ್ಬರು ಭೈರಪ್ಪನವರ ನೆಂಟರಿದ್ದರು. ಭೈರಪ್ಪನವರು ಎರಡು ಮಾತ್ರೆ ಒಟ್ಟಿಗೆ ನುಂಗಿ ಪೊಲೀಸರಿಗೆ ಫೋನು ಮಾಡಿದರು. ತ್ಯಾವರೆಕೊಪ್ಪದ ಸಫಾರಿಯಿಂದ ಹುಲಿ ತಪ್ಪಿಸಿಕೊಂಡಿದೆ ಎಂದು ಹೇಳುವವರ ದನಿಯಲ್ಲಿ, "ಶಿವಮೊಗ್ಗದಲ್ಲಿ ತಿರಸ್ಕಾರ ಆದ ಡಿಜೆ ಭದ್ರಾವತಿಗೆ ಬರ್ತಾ ಇದೆ. ಎರಡು ಲಾರಿ. ಹೆಸರು ಯೋಗರಾಜ!" ಎಂದರು. ಹೇಳಿದ್ದು ಸಾಲದೆಂದು ಕಾರು ತೆಗೆಸಿಕೊಂಡು ತಾವೂ ಹೊರಟರು.

ಯೋಗರಾಜ ಎರಡು ಸ್ಪೀಕರನ್ನೂ ಸಂತೆಯ ಬ್ಯಾಗಿನಲ್ಲಿ ಹಾಕಿ, ಕಾಲ ಸಂದಿಯಲ್ಲಿಟ್ಟುಕೊಂಡು, ವಿಮಲಾಳನ್ನು ಹಿಂದೆ ಕೂರಿಸಿಕೊಂಡು ಹೊರಟ. ಕುಣಿಯುವವರು ಬಸ್ಸಿನಲ್ಲಿ ಹೋಗಿದ್ದರು. ಭದ್ರಾವತಿಯ ಹತ್ತಿರ ಪೊಲೀಸರು ರಸ್ತೆಗೆ ಅಡ್ಡಗಟ್ಟೆಯಿಟ್ಟು ಒಂದೊಂದೇ ಲಾರಿಯ ಟಾರ್ಪಾಲು ಎತ್ತಿ ನೋಡುತ್ತಿದ್ದರು.

"ಸ್ಕೂಟರು ಬೇಗ ಬೇಗ ಹೋಗ್ರಿ! ಡಿಜೆ ಲಾರಿ ಬರೋದಿದೆ, ಜಾಗ ಬಿಡಿ!"

"ಯಾವ ಡಿಜೆ ಸಾರ್?" ಎಂದ ಯೋಗರಾಜ.

"ಯಾರೋ ಯೋಗರಾಜ ಅಂತೆ. ದೊಡ್ಡ ಆಸಾಮಿಯಂತೆ."

ಯೋಗರಾಜ ಕಾಲ ಸಂದಿಯ ಬ್ಯಾಗನ್ನು ಮಂಡಿಯಿಂದ ಮರೆಮಾಡಿದ. ಅದರ ಜೊತೆಗೇ, ಸುಳ್ಳೇಕೆ ಹೇಳಬೇಕು, ಅವನ ಬೆನ್ನು ನೆಟ್ಟಗೂ ಆಯಿತು. ಹಿಂದೆ ಕೂತಿದ್ದ ವಿಮಲಾ ಅವನ ಪಕ್ಕೆ ತಿವಿದು, "ದೊಡ್ಡ ಆಸಾಮಿ, ಸ್ಕೂಟರ್ ಬಿಡಿ" ಎಂದಳು.

ಅಂಗಳದ ಸುತ್ತ ಇನ್ನೂರು ಜನ ಸೇರಿದ್ದರು. ಹೆಂಗಸರು ಮೋರಿ ಕಟ್ಟೆಗಳ ಮೇಲೆ, ಹುಡುಗರು ಕಾಂಪೌಂಡಿನ ಮೇಲೆ. ಎಲ್ಲರ ಕಣ್ಣೂ ರಸ್ತೆಯ ಕಡೆ, ಲಾರಿಯ ನಿರೀಕ್ಷೆಯಲ್ಲಿ. ಯೋಗರಾಜ ಮಾವನ ಮನೆಯ ಇಸ್ತ್ರಿ ಟೇಬಲ್ಲು ತಂದಿಟ್ಟು, ಬ್ಯಾಗಿನಿಂದ ಒಂದು ಡಬ್ಬ ತೆಗೆದಿಟ್ಟ. ಮತ್ತೊಂದು ಡಬ್ಬ ತೆಗೆದಿಟ್ಟ. ಆಮೇಲೆ ಬ್ಯಾಗು ಮಡಚಿಟ್ಟ.

ಇನ್ನೂರು ಜನ ಒಮ್ಮೆ ಟೇಬಲ್ಲಿನ ಕಡೆ, ಒಮ್ಮೆ ರಸ್ತೆಯ ಕಡೆ ನೋಡಿದರು.

"ಅಣ್ಣಾ, ಇದು ಟ್ರೈಲರ್ರಾ? ಪಿಕ್ಚರ್ ಎಲ್ಲಿ?" ಎಂದು ಕಾಂಪೌಂಡಿನ ಮೇಲಿಂದ ಯಾರೋ ಕೂಗಿದರು. ನಗು ಎದ್ದಿತು. ಪುಟ್ಟಯ್ಯ ಬಲಗಿವಿಯನ್ನೂ ಮುಚ್ಚಿಕೊಂಡರು.

ಗಾಬರಿಯಲ್ಲಿ ಯೋಗರಾಜನ ಬೆರಳು ಜಾರಿ ಮೊದಲಿಗೇ 'ಬಸ್ ಹಿಡಿಯೋದು' ಹತ್ತಿಬಿಟ್ಟಿತು. ತುತ್ತೂರಿಗಳು ಕಿರುಚಿದವು. ಹನ್ನೊಂದು ಜನ ಒಬ್ಬರ ಮೇಲೊಬ್ಬರು ಬೀಳುತ್ತಾ ಓಡಿದರು, ಕ್ಯಾಷಿಯರಮ್ಮ ಹಿಡಿದುಕೊಳ್ಳಲು ಬೇವಿನ ಮರವನ್ನು ಹುಡುಕಿದರು. ಯೋಗರಾಜ ಫೋನು ನೋಡುವುದನ್ನು ಬಿಟ್ಟು ಅವರ ಕಾಲು ನೋಡಿದ. ದನಿಯನ್ನು ಮೆಲ್ಲಗೆ ಇಳಿಸಿ, ಅದು ಪೂರ್ತಿ ಅಡಗುವ ಮೊದಲೇ ಒಂದು 'ವಾಕಿಂಗ್' ಸೇರಿಸಿದ. ಕಾಲುಗಳು ನೆಲ ಕಂಡವು. ಭೂಮಿಕಾ ಸುಘೋಷನ ಕೈಯಡಿ ಒಂದು ಸುತ್ತು ಸುತ್ತಿ, ನಗುತ್ತಾ ಹೊರಬಂದಳು.

ಕಾಂಪೌಂಡಿನ ನಗು ನಿಂತಿತು. ಕಾರ್ಖಾನೆಯಲ್ಲಿ ಇಟ್ಟಿಗೆ ಹೊತ್ತು ಮುದುಕಿಯಾದ ಉಚ್ಚಂಗಮ್ಮ ಮೋರಿ ಕಟ್ಟೆಯಿಂದ ಎದ್ದು ಬಂದು ಸ್ಪೀಕರಿನ ಮುಂದೆ ನಿಂತಳು. "ಇದು ನಮ್ಮ ಮದ್ವೆ ಬ್ಯಾಂಡ್‌ಸೆಟ್ ಇದ್ದಂಗೇ ಐತಲ್ಲೋ. ಅದೇ ತುತ್ತೂರಿ. ಕುಡುಕ್ರು ಊದ್ತಿಲ್ಲ, ಅಷ್ಟೇ." ಎಂದವಳೇ ಭೂಮಿಕಾಳ ಕೈ ಹಿಡಿದು ಅಂಗಳಕ್ಕಿಳಿದಳು. ಹನ್ನೊಂದು ಹನ್ನೆರಡಾಯಿತು. ಹಿಂದಿನಿಂದ ಯಾರೋ "ಪೋಡು ಅಣ್ಣಾ, ಪೋಡು!" ಎಂದು ಇನ್ನೊಂದು ಹಾಡು ಹಾಕಲು ತಮಿಳಿನಲ್ಲಿ ಕೂಗಿ ಶಿಳ್ಳೆ ಹೊಡೆದರು. ಹನ್ನೆರಡು ಇಪ್ಪತ್ತಾಯಿತು, ಮೂವತ್ತಾಯಿತು. ಯೋಗರಾಜ ಮುದುಕರ ಮಂಡಿ ನೋಡಿ ಒಂದು ಹಾಡು, ಹುಡುಗರ ಹುರುಪು ನೋಡಿ ಒಂದು ಹಾಡು ಹಾಕುತ್ತಾ ಬೆವರಿದ.

ಆಗ ಪೊಲೀಸ್ ಜೀಪು ಬಂತು. ಅದರ ಹಿಂದೆ ಜಪ್ತಿ ಮಾಡಿದ ಡಿಜೆ ಹೇರಲು ಇಲಾಖೆಯ ಖಾಲಿ ಲಾರಿ. ಅದರ ಹಿಂದೆ ಭೈರಪ್ಪನವರ ಕಾರು. ಸಬ್ ಇನ್ಸ್‌ಪೆಕ್ಟರ್ ರೂಪೇಶ್ ಆರು ಜನ ಪೇದೆಗಳೊಂದಿಗೆ ಇಳಿದು ಅಂಗಳವನ್ನೆಲ್ಲ ನೋಡಿದರು. ಇಸ್ತ್ರಿ ಟೇಬಲ್ಲಿನ ಕೆಳಗೂ ಬಗ್ಗಿ ನೋಡಿದರು.

"ಡಿಜೆ ಎಲ್ಲಿ?"

"ನಾನೇ ಸಾರ್."

"ನೀನಲ್ಲ ಮಾರಾಯ, ಸಾಮಾನು!"

"ಇವೇ ಸಾರ್."

ರೂಪೇಶರು ಭೈರಪ್ಪನವರ ಕಡೆ ತಿರುಗಿದರು. ಭೈರಪ್ಪನವರು ಎರಡು ಡಬ್ಬಗಳನ್ನು ನೋಡಿ ಕ್ಷಣ ತಬ್ಬಿಬ್ಬಾದರು. ಆದರೂ ಅಧ್ಯಕ್ಷರು ಅಧ್ಯಕ್ಷರೇ. "ಅಳತೆ ಮಾಡಿ ಸಾರ್. ಸಣ್ಣ ಮೆಣಸಿನಕಾಯೇ ಖಾರ ಜಾಸ್ತಿ" ಎಂದರು.

ಪೇದೆಯೊಬ್ಬ ಸದ್ದು ಅಳೆಯುವ ಯಂತ್ರ ಹಿಡಿದ. "ಅರವತ್ನಾಲ್ಕು ಸಾರ್."

"ಹಾಡು ನಿಲ್ಸಿ!" ಎಂದು ರೂಪೇಶರು ಗುಡುಗಿದರು.

"ತೊಂಬತ್ತೊಂದು ಸಾರ್" ಎಂದ ಪೇದೆ, ಯಂತ್ರ ನೋಡುತ್ತಾ.

ಜನ ಹೋ ಎಂದರು. ರೂಪೇಶರು ಕೆಟ್ಟವರಲ್ಲ. ಆದರೆ ದೂರು ದಾಖಲಾಗಿತ್ತು, ಲಾರಿ ಬಂದಿತ್ತು, ಬರಿಗೈಯಲ್ಲಿ ಹೋದರೆ ಮೇಲಿನವರಿಗೆ ಹೇಳುವುದೇನು? ಅವರು ಯೋಗರಾಜನ ಹೆಗಲ ಮೇಲೆ ಕೈಯಿಟ್ಟರು. "ನೋಡಿ, ಒಂದು ಕೆಲಸ ಮಾಡಿ. 'ನಾನು ಡಿಜೆ ಅಲ್ಲ' ಅಂತ ಒಂದು ಸಾಲು ಬರ್ಕೊಡಿ. ದೂರು ಮುಗೀತು. ನಾನು ಹೋಗ್ತೀನಿ, ನೀವು ಕುಣೀರಿ."

ಎಲ್ಲರೂ ಉಸಿರು ಬಿಟ್ಟರು. ಸುಘೋಷ ಪೆನ್ನು ಕೊಟ್ಟ. ಯೋಗರಾಜ ಟೇಬಲ್ಲಿನ ಮೇಲೆ ಬಗ್ಗಿ 'ನಾನು' ಎಂದು ಬರೆದ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದ.

"ಆಗಲ್ಲ ಸಾರ್."

"ಏನು?"

"ಡಬ್ಬ ಚಿಕ್ಕದು ಅನ್ನಿ, ಒಪ್ತೀನಿ. ಈ ಟೀ-ಶರ್ಟು ಸ್ವಲ್ಪ ಜಾಸ್ತಿ ಆಯ್ತು ಅನ್ನಿ, ಅದನ್ನೂ ಒಪ್ತೀನಿ. ಡಿಜೆ ಅಲ್ಲ ಅಂತ ಮಾತ್ರ ಬರೆಯಲ್ಲ. ಯಾರ ಮಂಡಿ ಎಷ್ಟು ಬಗ್ಗುತ್ತೆ, ಯಾರ ಉಸಿರು ಎಷ್ಟು ಹೊತ್ತು ತಡೆಯುತ್ತೆ ಅಂತ ಇಪ್ಪತ್ತು ದಿನ ಕೂತು ಹಾಡು ಜೋಡಿಸಿದೀನಿ. ನಲವತ್ತು ಬಾಕ್ಸು ಹೇರ್ಕೊಂಡು ಮನೆ ಗಾಜು ಒಡೆಯೋನು ಡಿಜೆ. ಎಪ್ಪತ್ತು ವರ್ಷದ ಉಚ್ಚಂಗಮ್ಮನ್ನ ಬೀಳದ ಹಂಗೆ ಕುಣಿಸಿದೋನು ಡಿಜೆ ಅಲ್ವಾ? ನೀವೇ ಹೇಳಿ."

"ಹಾಗಾದ್ರೆ ಸೀಜ್ ಮಾಡ್ಬೇಕಾಗುತ್ತೆ ರೀ!"

"ಮಾಡಿ."

ರೂಪೇಶರು ಕೊನೆಯ ಆಸೆಯಿಂದ ವಿಮಲಾಳ ಕಡೆ ತಿರುಗಿದರು. "ಮೇಡಂ, ನೀವಾದ್ರೂ ಬುದ್ಧಿ ಹೇಳಿ."

ವಿಮಲಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇಪ್ಪತ್ತೆರಡು ವರ್ಷದಲ್ಲಿ ಇವರ ಬಾಯಲ್ಲಿ 'ಆಗಲ್ಲ' ಅಂತ ಇವತ್ತೇ ಮೊದಲು ಕೇಳ್ತಿರೋದು ಸಾರ್. ನಾನು ಅಡ್ಡ ಬರಲ್ಲ. ನೀವು ಸೀಜ್ ಮಾಡಿ."

ಸರ್ಕಾರಿ ಲಾರಿಯ ವಿಶಾಲವಾದ ಬೆನ್ನ ಮೇಲೆ ಎರಡು ಡಬ್ಬ ಏರಿದವು. ಜಪ್ತಿ ಮಾಡಿದ ಸಾಮಾನನ್ನು ಹಗ್ಗದಿಂದ ಕಟ್ಟಬೇಕೆಂಬ ನಿಯಮವಿದ್ದುದರಿಂದ ಇಪ್ಪತ್ತು ಮಾರು ಹಗ್ಗ ಸುತ್ತಿದರು. ಅಲುಗಾಡದಂತೆ ಇಬ್ಬರು ಪೇದೆಗಳು ಡಬ್ಬಕ್ಕೊಬ್ಬರಂತೆ ಕೂತರು. ಫೋನು ಜಪ್ತಿ ಮಾಡುವುದಕ್ಕೆ ಬೇರೆ ಕಾಗದ ಬೇಕೆಂದು ಯಾರೋ ಹೇಳಿದ್ದರಿಂದ ಅದು ಯೋಗರಾಜನ ಜೇಬಿನಲ್ಲೇ ಉಳಿಯಿತು. ಜೀಪು ಮುಂದೆ ಹೊರಟಿತು, ಅದರ ಹಿಂದೆ ಲಾರಿ. ಲಾರಿಗೆ ಅಂಟಿಕೊಂಡಂತೆ ಯೋಗರಾಜನ ಸ್ಕೂಟರು. ಅವನ ಹಿಂದೆ ಹನ್ನೊಂದು ಜನ, ಅವರ ಹಿಂದೆ ಇಡೀ ಕ್ವಾರ್ಟರ್ಸು. ಕೈ ಹಿಡಿದು ಕುಣಿದವರನ್ನು ಬಿಟ್ಟು ಹೋಗುವುದು ಭದ್ರಾವತಿಯ ಜನಕ್ಕೆ ಗೊತ್ತಿಲ್ಲ.

ಮುಖ್ಯ ರಸ್ತೆಗೆ ಬಂದಾಗ ಯೋಗರಾಜ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈ ಜೇಬಿಗೆ ಹಾಕಿದ.

"ಏನ್ ಮಾಡ್ತಿದೀರಿ?" ಎಂದಳು ವಿಮಲಾ.

"ಸೀಜ್ ಆಗಿರೋದು ಡಬ್ಬ. ಹಾಡು ಸೀಜ್ ಆಗಿಲ್ಲ" ಎಂದು ಒತ್ತಿದ.

ಪೊಲೀಸ್ ಲಾರಿಯ ಮೇಲಿಂದ ತುತ್ತೂರಿ, ಡ್ರಮ್ಮು, ಪಿಯಾನೋ ಒಟ್ಟಿಗೆ ಎದ್ದವು. ಡಬ್ಬ ಹಿಡಿದಿದ್ದ ಪೇದೆಗಳು 'ನಿಲ್ಸೋದು ಹೆಂಗೆ' ಎಂದು ಗುಂಡಿ ಹುಡುಕಿ ಅಪ್ಪಿತಪ್ಪಿ ದನಿಯನ್ನು ಇನ್ನಷ್ಟು ಏರಿಸಿದರು. ಹಿಂದೆ ಹನ್ನೊಂದು ಜನ ಜೋಡಿ ಕಟ್ಟಿ ರಸ್ತೆಯಲ್ಲೇ ಹೆಜ್ಜೆ ಹಾಕಿದರು, ಉಚ್ಚಂಗಮ್ಮ ಪುಟ್ಟಯ್ಯನವರ ಕೈ ಎಳೆದುಕೊಂಡಳು. ಪುಟ್ಟಯ್ಯನವರಿಗೆ ಕೇಳಿಸುತ್ತಿತ್ತೋ ಇಲ್ಲವೋ, ಕಾಲು ಮಾತ್ರ ತಾಳ ತಪ್ಪಲಿಲ್ಲ. ಅಂಗಡಿಗಳವರು ಹೊರಬಂದರು. ಸಣ್ಣ ಸದ್ದೇ ಆದರೂ ಹಿಂದೆ ಮುನ್ನೂರು ಜನ ಸೇರಿದ ಮೇಲೆ ಅದು ಮೆರವಣಿಗೆಯೇ.

ಸೀಜ್ ಎಂಬ ಮಾತು ಕೇಳಿದ್ದೇ ಗೆದ್ದೆನೆಂದು ಕಾರಿಗೆ ಹೋಗಿ ಕೂತು, ಈಗ ಕೊನೆಗೆ ಬರುತ್ತಿದ್ದ ಭೈರಪ್ಪನವರಿಗೆ ಮುಂದೆ ಏನಿದೆಯೆಂದು ಕಾಣಿಸಲಿಲ್ಲ. ಕಂಡದ್ದು ದೂರದಲ್ಲೊಂದು ಲಾರಿ, ಅದರ ಮೇಲಿಂದ ಡಿಜೆ, ಹಿಂದೆ ಕುಣಿಯುವ ಜನ. ಮತ್ತೆ ಪೊಲೀಸರಿಗೇ ಫೋನು ಮಾಡಿದರು. "ನಾನು ಹೇಳ್ಲಿಲ್ವಾ! ಎರಡನೇ ಲಾರಿ ಸಿಕ್ತು! ಮೇನ್ ರೋಡಲ್ಲಿ ರಾಜಾರೋಷವಾಗಿ ಹೋಗ್ತಿದೆ. ನಂಬರ್ ಬರ್ಕೊಳ್ಳಿ!" ಎಂದು, ತಿರುವಿನಲ್ಲಿ ಹೆಡ್‌ಲೈಟಿನ ಬೆಳಕು ಲಾರಿಯ ಮೇಲೆ ಬಿದ್ದಾಗ ಕಣ್ಣು ಕಿರಿದು ಮಾಡಿ ಒಂದೊಂದೇ ಅಂಕಿ ಹೇಳಿದರು.

ಠಾಣೆ ತಲುಪಿದ ರೂಪೇಶರ ಕೈಗೆ ಬಂದ ಮೊದಲ ಕಾಗದವೇ ಆ ಫೋನಿನ ದೂರು. ಡಿಜೆ ಬಳಸಿದ ಲಾರಿಯನ್ನು ಕೂಡಲೇ ಜಪ್ತಿ ಮಾಡತಕ್ಕದ್ದು ಎಂದಿತ್ತು. ಕೆಳಗಿದ್ದ ನಂಬರನ್ನು ಅವರು ಎರಡು ಸಲ ಓದಿ, ಹೊರಗೆ ಬಂದು ತಮ್ಮ ಲಾರಿಯ ನಂಬರನ್ನು ಒಂದು ಸಲ ಓದಿದರು. ಆಮೇಲೆ ಒಳಗೆ ಬಂದು ಕುರ್ಚಿಗೆ ಒರಗಿದರು.

"ಯೋಗರಾಜ್," ಎಂದರು, "ನೀವು ಡಿಜೆ ಆದ್ರೆ ಆ ಲಾರಿ ನಾನು ಸೀಜ್ ಮಾಡ್ಬೇಕು. ಅದನ್ನ ಸೀಜ್ ಮಾಡೋಕೆ ನನ್ನ ಹತ್ರ ಇರೋದು ಅದೊಂದೇ ಲಾರಿ. ಡಬ್ಬ ತಗೊಂಡು ಹೋಗಿ ಮಾರಾಯ್ರೆ, ಕೈ ಮುಗೀತೀನಿ."

"ಬರವಣಿಗೆಯಲ್ಲಿ ಕೊಡಿ ಸಾರ್."

"ಏನಂತ?"

"ಡಿಜೆ ಸಾಮಾನನ್ನು ಡಿಜೆ ಯೋಗರಾಜನಿಗೆ ಹಿಂದಿರುಗಿಸಿದೆ ಅಂತ. ಇಲ್ಲಾಂದ್ರೆ ನಾನು ಇಲ್ಲೇ ಕೂರ್ತೀನಿ. ಹೊರಗೆ ಮುನ್ನೂರು ಜನಾನೂ ಕೂರ್ತಾರೆ."

ಭೈರಪ್ಪನವರು ಬಾಗಿಲಲ್ಲಿ ನಿಂತು ಬಾಯಿ ತೆರೆದರು. ರೂಪೇಶರು ಅವರತ್ತ ಕೈಯೆತ್ತಿ, "ನೀವು ದಯವಿಟ್ಟು ಇನ್ನೊಂದು ಫೋನ್ ಮಾಡ್ಬೇಡಿ" ಎಂದು, ಯೋಗರಾಜ ಹೇಳಿದ್ದನ್ನು ಅಕ್ಷರಶಃ ಬರೆದು, ಸಹಿ ಹಾಕಿ, ದುಂಡು ಮೊಹರು ಒತ್ತಿದರು. ಎರಡು ಸಲ ಡಿಜೆ, ಅದರ ಮೇಲೆ ನೀಲಿ ಮೊಹರು. ಯೋಗರಾಜ ಅದನ್ನು ಊದಿ ಒಣಗಿಸಿ, ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡ.

ಹೊರಗೆ ಠಾಣೆಯ ಅಂಗಳದಲ್ಲಿ ಪೇದೆಗಳು ಹಗ್ಗ ಬಿಚ್ಚುತ್ತಿದ್ದರು. ಜನ ಒಬ್ಬರೂ ಕದಲಿರಲಿಲ್ಲ. ಸುಘೋಷ ಓಡಿಬಂದು, "ಏನಾಯ್ತು ಅಂಕಲ್? ಮನೆಗೆ ಹೋಗೋಣ್ವಾ?" ಎಂದ.

"ಯಾಕೆ?" ಎಂದ ಯೋಗರಾಜ. ಅಂಗಳವನ್ನು ಕಾಲಿನಿಂದ ಉಜ್ಜಿ ನೋಡಿದ. ಒಳ್ಳೆಯ ಸಿಮೆಂಟು, ಎಲ್ಲೂ ಬಿರುಕಿಲ್ಲ. ಎರಡು ಡಬ್ಬಗಳನ್ನೂ ಠಾಣೆಯ ಮೆಟ್ಟಿಲ ಮೇಲೆ ಜೋಡಿಸಿಟ್ಟ. ಆಮೇಲೆ ಎಲ್ಲರ ಮುಖ, ಮಂಡಿಗಳನ್ನು ಒಂದು ಸಲ ನೋಡಿದ. ಎರಡು ಕಿಲೋಮೀಟರು ಕುಣಿಯುತ್ತಾ ಬಂದವರು, ದಣಿದಿದ್ದರು. ಆದ್ದರಿಂದ ಡಿಜೆ ನಿಧಾನದ್ದೊಂದು ಹಾಡು ಹಾಕಿದ.